ಜಾರುವ ಸುಖಕ್ಕೆ ನಾಲ್ಕು ಶತಮಾನ

ಮಲೆನಾಡಿನ ಮಕ್ಕಳಿಗೆ ಅಡಿಕೆ ಹಾಳೆಯೇ ವಾಹನ. ಒಬ್ಬ ಕೂರುತ್ತಾನೆ, ಇನ್ನೊಬ್ಬ ಎಳೆಯುತ್ತಾನೆ. ಬಯಲುಸೀಮೆಯಲ್ಲಿ ಊರ ಪಕ್ಕ ನುಣುಪಾದ ಬಂಡೆಯೊಂದಿದ್ದರೆ ಸಾಕು, ಅದಕ್ಕೆ ಜಾರುಬಂಡೆ ಎಂದು ಹೆಸರು ಬೀಳುತ್ತದೆ. ಚಡ್ಡಿಯ ಹಿಂಭಾಗ ಹರಿದು, ಮನೆಯಲ್ಲಿ ಬೈಗುಳ ತಿನ್ನುವ ತನಕ ಆಟ ನಿಲ್ಲುವುದಿಲ್ಲ. ಎತ್ತರದಿಂದ ಕೆಳಕ್ಕೆ ಜಾರುವುದರಲ್ಲಿ ಒಂದು ಸುಖವಿದೆ. ಅದಕ್ಕೆ ಹಳಿ, ಚಕ್ರ ಮತ್ತು ಟಿಕೆಟ್ಟು ಸೇರಿಕೊಂಡಾಗ ಹುಟ್ಟಿದ್ದು ರೋಲರ್ ಕೋಸ್ಟರ್.

ರಜೆಯ ದಿನ ಗೆಳೆಯರ ಗುಂಪೊಂದು ಮನರಂಜನಾ ಉದ್ಯಾನಕ್ಕೆ ಹೋದಾಗ ನಡೆಯುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬಸ್ಸಿನಲ್ಲಿ ಧೈರ್ಯದ ಮಾತನಾಡಿದವನು ಸಾಲಿನಲ್ಲಿ ನಿಲ್ಲುವಾಗ ಮೌನಿಯಾಗುತ್ತಾನೆ. ‘ನಾನು ಕೆಳಗೇ ಇರುತ್ತೇನೆ, ಬ್ಯಾಗು ನೋಡಿಕೊಳ್ಳುತ್ತೇನೆ’ ಎಂದು ಹಿಂಜರಿದವಳು ಒಮ್ಮೆ ಕುಳಿತು ಇಳಿದ ಮೇಲೆ ಇನ್ನೊಮ್ಮೆ ಹೋಗೋಣ ಎಂದು ಹಠ ಹಿಡಿಯುತ್ತಾಳೆ. ಎರಡು ನಿಮಿಷದ ಸವಾರಿಗೆ ಒಂದು ಗಂಟೆ ಬಿಸಿಲಿನಲ್ಲಿ ಕಾಯುವ, ಹೆದರಿಕೊಳ್ಳಲು ದುಡ್ಡು ಕೊಡುವ ಈ ವಿಚಿತ್ರ ಅಭ್ಯಾಸ ಮನುಷ್ಯನಿಗೆ ಎಲ್ಲಿಂದ ಬಂತು? ಉತ್ತರ ಹುಡುಕಿಕೊಂಡು ಹೊರಟರೆ ರಷ್ಯಾದ ಹಿಮ, ಅಮೆರಿಕದ ಕಲ್ಲಿದ್ದಲು ಗಣಿ ಮತ್ತು ಒಬ್ಬ ಕಾಲುಚೀಲದ ವ್ಯಾಪಾರಿ ಎದುರಾಗುತ್ತಾರೆ. ಅಷ್ಟೇ ಅಲ್ಲ, ಆ ಆಸನದಲ್ಲಿ ಕುಳಿತುಕೊಳ್ಳುವ ಹಕ್ಕಿಗಾಗಿ ಜೈಲಿಗೆ ಹೋದ ವಿದ್ಯಾರ್ಥಿಗಳೂ ಎದುರಾಗುತ್ತಾರೆ.

ಮಂಜಿನ ಬೆಟ್ಟಗಳು

ಕತೆ ಶುರುವಾಗುವುದು ಹದಿನೇಳನೆಯ ಶತಮಾನದ ರಷ್ಯಾದಲ್ಲಿ. ಚಳಿಗಾಲದಲ್ಲಿ ಅಲ್ಲಿಯ ಜನ ಮರದ ತೊಲೆಗಳಿಂದ ಎತ್ತರದ ಅಟ್ಟಣಿಗೆ ಕಟ್ಟಿ, ಅದರಿಂದ ಕೆಳಕ್ಕೆ ಹಲಗೆಗಳ ಇಳಿಜಾರು ಹಾಸಿ, ಮೇಲೆ ನೀರು ಸುರಿಯುತ್ತಿದ್ದರು. ರಾತ್ರಿ ಕಳೆಯುವುದರೊಳಗೆ ನೀರು ಗಡ್ಡೆಕಟ್ಟಿ ಇಳಿಜಾರು ಗಾಜಿನಂತಾಗುತ್ತಿತ್ತು. ಸೇಂಟ್ ಪೀಟರ್ಸ್‌ಬರ್ಗ್ ನಗರದ ಸುತ್ತಮುತ್ತ ಇಂಥ ಬೆಟ್ಟಗಳು 70–80 ಅಡಿ ಎತ್ತರ ಇರುತ್ತಿದ್ದವು. ಹಿಂಬದಿಯ ಮೆಟ್ಟಿಲು ಹತ್ತಿ, ಸ್ಲೆಡ್ಜ್ ಎಂಬ ಚಕ್ರವಿಲ್ಲದ ಹಿಮಗಾಡಿಯಲ್ಲಿ ಕುಳಿತು, ಕ್ಷಣಾರ್ಧದಲ್ಲಿ ಕೆಳಗೆ ಬರುವುದೇ ಆಟ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಆರಂಭವಾಗುವ ಮೊದಲು ಬರುವ ಮಾಸ್ಲೆನಿತ್ಸ ಹಬ್ಬದಲ್ಲಂತೂ ಇದು ಜಾತ್ರೆಯ ಮುಖ್ಯ ಆಕರ್ಷಣೆ. ನಮ್ಮ ಜಾತ್ರೆಗಳಲ್ಲಿ ತಿರುಗುವ ತೊಟ್ಟಿಲಿಗೆ ಇರುವ ಸ್ಥಾನವೇ ಅಲ್ಲಿ ಮಂಜಿನ ಬೆಟ್ಟಕ್ಕೆ.

ಆಟ ಬಡವರಿಗೆ ಮಾತ್ರ ಮೀಸಲಾಗಿರಲಿಲ್ಲ. ರಾಣಿ ಎರಡನೆಯ ಕ್ಯಾಥರೀನ್‌ಳಿಗೆ ಇದರ ಹುಚ್ಚು ಎಷ್ಟಿತ್ತೆಂದರೆ, ಒರಾನಿಯೆನ್‌ಬಾಮ್ ಅರಮನೆಯ ತೋಟದಲ್ಲಿ ಆಕೆಗಾಗಿಯೇ ಜಾರುವ ಬೆಟ್ಟವೊಂದು ಎದ್ದಿತು. 1762ರಲ್ಲಿ ಆರಂಭವಾದ ಕೆಲಸವನ್ನು ವಾಸ್ತುಶಿಲ್ಪಿ ಅಂಟೋನಿಯೊ ರಿನಾಲ್ಡಿ 1774ರಲ್ಲಿ ಮುಗಿಸಿದ. ಇಲ್ಲೊಂದು ಮುಖ್ಯ ಬದಲಾವಣೆ ಆಯಿತು. ಬೇಸಿಗೆಯಲ್ಲೂ ಆಡಬೇಕೆಂದರೆ ಮಂಜು ಸಿಗದು. ಹಾಗಾಗಿ ಗಾಡಿಗೆ ಚಕ್ರ ಬಂತು. ಆ ಮರದ ಇಳಿಜಾರು ಹತ್ತೊಂಬತ್ತನೆಯ ಶತಮಾನದಲ್ಲೇ ಶಿಥಿಲವಾಗಿ ಅಳಿದುಹೋಯಿತು. ರಾಣಿ ಹತ್ತುತ್ತಿದ್ದ ನೀಲಿ–ಬಿಳಿ ಬಣ್ಣದ ಮಂಟಪ ಮಾತ್ರ ಇಂದಿಗೂ ನಿಂತಿದೆ.

ರಷ್ಯಾದಿಂದ ಆಟ ಫ್ರಾನ್ಸಿಗೆ ಹೋಯಿತು. 1817ರಲ್ಲಿ ಪ್ಯಾರಿಸ್ಸಿನ ಬೆಲ್ವಿಲ್ ಮತ್ತು ಬೊಜೊನ್ ಎಂಬಲ್ಲಿ ಚಕ್ರದ ಗಾಡಿಗಳ ಜಾರು ಬೆಟ್ಟಗಳು ತೆರೆದವು. ಬೆಲ್ವಿಲ್ಲಿನಲ್ಲಿ ಗಾಡಿಯ ಅಚ್ಚಿನ ತುದಿ ಪಕ್ಕದ ಕಟ್ಟೆಯ ಸೀಳಿನೊಳಗೆ ಸೇರಿಕೊಂಡು, ಗಾಡಿ ಹಳಿ ಬಿಟ್ಟು ಹಾರದಂತೆ ತಡೆಯುತ್ತಿತ್ತು. ವೇಗದ ಜೊತೆಗೇ ಭದ್ರತೆಯ ಚಿಂತೆಯೂ ಹುಟ್ಟಿದ್ದಕ್ಕೆ ಇದು ಸಾಕ್ಷಿ. ಫ್ರೆಂಚರು ಈ ಆಟವನ್ನು ‘ರಷ್ಯಾದ ಬೆಟ್ಟ’ ಎಂದು ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ. ಸೋಜಿಗದ ಸಂಗತಿಯೆಂದರೆ, ರಷ್ಯನ್ನರು ಮಾತ್ರ ಇದನ್ನು ‘ಅಮೆರಿಕದ ಬೆಟ್ಟ’ ಎನ್ನುತ್ತಾರೆ! ತವರಿನವರೇ ತಮ್ಮ ಮಗುವನ್ನು ಪರದೇಶದ್ದೆಂದು ಗುರುತಿಸುವಂತೆ ಆದದ್ದು ಹೇಗೆ?

ಹೇಸರಗತ್ತೆಗಳ ಸವಾರಿ

ಅದಕ್ಕೆ ಕಾರಣ ಕಲ್ಲಿದ್ದಲು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಮಾಕ್ ಚಂಕ್ ಎಂಬ ಊರಿಗೆ ಬೆಟ್ಟದ ಮೇಲಿನ ಗಣಿಯಿಂದ ಕಲ್ಲಿದ್ದಲು ಇಳಿಸಲು 1827ರಲ್ಲಿ ಸುಮಾರು 9 ಮೈಲಿ ಉದ್ದದ ರೈಲು ಹಾದಿ ಹಾಕಲಾಯಿತು. ಎಂಜಿನ್ ಇರಲಿಲ್ಲ. ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಾವೇ ಉರುಳಿ ಬರುತ್ತಿದ್ದವು. ಬ್ರೇಕು ಹಿಡಿಯಲು ಒಬ್ಬ ಮನುಷ್ಯ ಇದ್ದರೆ ಸಾಕಿತ್ತು. ಖಾಲಿ ಗಾಡಿಗಳನ್ನು ಮತ್ತೆ ಬೆಟ್ಟ ಹತ್ತಿಸುವ ಕೆಲಸ ಹೇಸರಗತ್ತೆಗಳದು. ಇಳಿಯುವಾಗ ಅವುಗಳಿಗೂ ಒಂದು ಗಾಡಿ ಇರುತ್ತಿತ್ತು. ಕಲ್ಲಿದ್ದಲಿನ ಹಿಂದೆ ಅವೂ ಕುಳಿತೇ ಬರುತ್ತಿದ್ದವು. ಒಮ್ಮೆ ಸವಾರಿಯ ರುಚಿ ಕಂಡ ಹೇಸರಗತ್ತೆಗಳು ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲವೆಂದು ಆ ಊರಿನವರು ಹೇಳಿಕೊಂಡು ಬಂದಿದ್ದಾರೆ.

1840ರ ದಶಕದಲ್ಲಿ ಹೇಸರಗತ್ತೆಗಳ ಜಾಗಕ್ಕೆ ಉಗಿಯಂತ್ರ ಬಂತು. ಬೆಟ್ಟದ ತುದಿಯಲ್ಲಿದ್ದ ಯಂತ್ರ ಗಾಡಿಗಳನ್ನು ಮೇಲಕ್ಕೆಳೆಯುತ್ತಿತ್ತು. ನಡುವೆ ಎಳೆತ ಕಡಿದುಹೋದರೆ ಗಾಡಿ ಹಿಂದಕ್ಕೆ ಉರುಳದಂತೆ ಹಳಿಗಳ ನಡುವೆ ಗರಗಸದ ಹಲ್ಲಿನಂತಹ ಪಟ್ಟಿ ಇತ್ತು. ಗಾಡಿಯ ಕೆಳಗಿನ ಕೊಕ್ಕೆ ಒಂದೊಂದೇ ಹಲ್ಲನ್ನು ದಾಟುತ್ತ ಮೇಲೇರುತ್ತಿತ್ತು. ಇಂದಿನ ರೋಲರ್ ಕೋಸ್ಟರಿನ ಮೊದಲ ಏರಿನಲ್ಲಿ ಕೇಳುವ ‘ಟಕ್ ಟಕ್ ಟಕ್’ ಸದ್ದಿನ ಮೂಲ ಇಲ್ಲಿದೆ. ಸಾಲಿನಲ್ಲಿ ನಿಂತವರ ಎದೆ ನಡುಗಿಸುವ ಆ ಸದ್ದು ನಿಜಕ್ಕೂ ಭದ್ರತೆಯ ಸದ್ದು.

1872ರಲ್ಲಿ ಸುರಂಗ ಮಾರ್ಗವೊಂದು ತೆರೆದ ಮೇಲೆ ಕಲ್ಲಿದ್ದಲಿಗೆ ಈ ಹಾದಿ ಬೇಡವಾಯಿತು. ಆದರೆ ಅಷ್ಟರಲ್ಲಿ ದೂರದ ಊರುಗಳಿಂದ ಜನ ಈ ಗಾಡಿಯಲ್ಲಿ ಇಳಿಯುವುದಕ್ಕಾಗಿಯೇ ಬರತೊಡಗಿದ್ದರು. ಗಣಿಯ ಹಾದಿ ಪೂರ್ತಿಯಾಗಿ ವಿಹಾರದ ಹಾದಿಯಾಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಮುಚ್ಚುವ ತನಕವೂ ಅದು ಪ್ರವಾಸಿಗರನ್ನು ಹೊತ್ತು ಓಡಾಡಿತು.

ಐದು ಸೆಂಟಿನ ಸುಖ

ಗಣಿಯ ಬೆಟ್ಟವನ್ನು ಊರೊಳಗೆ ತಂದವನು ಲಾಮಾರ್ಕಸ್ ಥಾಂಪ್ಸನ್. ಓಹಿಯೊ ರಾಜ್ಯದಲ್ಲಿ 1848ರಲ್ಲಿ ಹುಟ್ಟಿದ ಈತ ಕಾಲುಚೀಲ ತಯಾರಿಸುವ ಉದ್ಯಮ ನಡೆಸುತ್ತಿದ್ದ. ದೈವಭಕ್ತ. ಭಾನುವಾರದ ಬೈಬಲ್ ಪಾಠ ಹೇಳುತ್ತಿದ್ದವನು. ಪಡಖಾನೆಗಳಲ್ಲಿ ಕಾಲ ಕಳೆಯುವ ಯುವಕರಿಗೆ ನಿರಪಾಯಕರವಾದ ಮನರಂಜನೆ ಒದಗಿಸಬೇಕೆಂಬುದು ಆತನ ಆಸೆಯಾಗಿತ್ತೆಂದು ಹೇಳುತ್ತಾರೆ. 1884ರ ಜೂನ್ 16ರಂದು ನ್ಯೂಯಾರ್ಕ್ ನಗರದ ಸಮುದ್ರ ತೀರ ಕೋನಿ ಐಲ್ಯಾಂಡಿನಲ್ಲಿ ಆತನ ‘ಸ್ವಿಚ್‌ಬ್ಯಾಕ್ ರೈಲ್ವೆ’ ಓಡಿತು.

ಇಂದಿನ ಕಣ್ಣಿಗೆ ಅದು ಮಕ್ಕಳಾಟ. ಸುಮಾರು 50 ಅಡಿ ಎತ್ತರದ ಎರಡು ಅಟ್ಟಣಿಗೆ, ಅವುಗಳ ನಡುವೆ ಸುಮಾರು 600 ಅಡಿ ಉದ್ದದ ಅಲೆಯಲೆಯಾದ ಹಳಿ. ಪ್ರಯಾಣಿಕರು ಉದ್ದನೆಯ ಬೆಂಚಿನ ಮೇಲೆ ಪಕ್ಕಕ್ಕೆ ಮುಖ ಮಾಡಿ ಕೂರುತ್ತಿದ್ದರು. ವೇಗ ಗಂಟೆಗೆ ಕೇವಲ 10 ಕಿಲೋಮೀಟರ್, ಅಂದರೆ ಊರಿನ ಸೈಕಲ್ಲಿಗಿಂತಲೂ ನಿಧಾನ. ಒಂದು ತುದಿ ತಲುಪಿದ ಮೇಲೆ ಎಲ್ಲರೂ ಇಳಿಯಬೇಕು. ಕೆಲಸಗಾರರು ಗಾಡಿಯನ್ನು ಇನ್ನೊಂದು ಹಳಿಗೆ ತಳ್ಳಿ ಅಟ್ಟಣಿಗೆಗೆ ಏರಿಸಿದ ಮೇಲೆ ಮತ್ತೆ ಹತ್ತಿ ವಾಪಸು ಬರಬೇಕು. ದರ 5 ಸೆಂಟ್. ಜನ ಮುಗಿಬಿದ್ದರು. ಕೆಲವೇ ವಾರಗಳಲ್ಲಿ ಹಾಕಿದ ಬಂಡವಾಳ ವಾಪಸಾಯಿತು.

ಲಾಭ ಕಂಡಲ್ಲಿ ಪೈಪೋಟಿ ತಪ್ಪಿದ್ದಲ್ಲ. ಅದೇ ವರ್ಷ ಚಾರ್ಲ್ಸ್ ಆಲ್ಕೋಕ್ ಎಂಬಾತ ಹಳಿಯ ಎರಡೂ ತುದಿಗಳನ್ನು ಸೇರಿಸಿ, ಹತ್ತಿದ ಜಾಗದಲ್ಲೇ ಇಳಿಯುವ ಸುತ್ತು ಹಾದಿ ಮಾಡಿದ. ಮರುವರ್ಷ ಫಿಲಿಪ್ ಹಿಂಕಲ್ ಗಾಡಿಯನ್ನು ಸರಪಳಿಯಿಂದ ಮೇಲೆಳೆಯುವ ಉಪಾಯ ತಂದ. ನಗರಗಳಲ್ಲಿ ಟ್ರ್ಯಾಮ್ ಓಡಿಸುತ್ತಿದ್ದ ಕಂಪನಿಗಳು ವಾರದ ಕೊನೆಯಲ್ಲೂ ಪ್ರಯಾಣಿಕರು ಸಿಗಲೆಂದು ಮಾರ್ಗದ ಕೊನೆಯಲ್ಲಿ ಉದ್ಯಾನಗಳನ್ನು ತೆರೆದವು. ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದವರು ಭಾನುವಾರ ಅಲ್ಲಿಗೆ ಹೋಗಿ ಕಾಸು ಕೊಟ್ಟು ಕಿರುಚಿ ಬರತೊಡಗಿದರು. ರಷ್ಯಾದ ಬೆಟ್ಟ ಅಮೆರಿಕದ್ದಾದದ್ದು ಹೀಗೆ.

ಎಂಜಿನ್ ಇಲ್ಲದ ರೈಲು

ರೋಲರ್ ಕೋಸ್ಟರ್ ಮೂಲತಃ ಎಂಜಿನ್ ಇಲ್ಲದ ರೈಲು. ಸರಪಳಿ ಅದನ್ನು ಮೊದಲ ಏರಿನ ತುದಿಗೆ ಒಯ್ದು ಬಿಡುತ್ತದೆ. ಮುಂದಿನದೆಲ್ಲ ಭೂಮಿಯ ಸೆಳೆತದ ಕೆಲಸ. ಎತ್ತರದಲ್ಲಿ ಕೂಡಿಟ್ಟ ಶಕ್ತಿಯೇ ಇಳಿಯುವಾಗ ವೇಗವಾಗುತ್ತದೆ, ಮತ್ತೆ ಏರುವಾಗ ಖರ್ಚಾಗುತ್ತದೆ. ಗಾಳಿ ಮತ್ತು ಹಳಿಯ ಘರ್ಷಣೆ ದಾರಿಯುದ್ದಕ್ಕೂ ಸುಂಕ ವಸೂಲು ಮಾಡುವುದರಿಂದ, ಇಂಥ ಸವಾರಿಯಲ್ಲಿ ಮೊದಲ ಬೆಟ್ಟಕ್ಕಿಂತ ಎತ್ತರದ ಬೆಟ್ಟ ಮುಂದೆ ಇರಲಾರದು. 26 ಮೀಟರ್ ಎತ್ತರದಿಂದ ಇಳಿಯುವ ಗಾಡಿ, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗ ಪಡೆಯುತ್ತದೆ. 1927ರಲ್ಲಿ ಕೋನಿ ಐಲ್ಯಾಂಡಿನಲ್ಲಿ ತೆರೆದ ಪ್ರಸಿದ್ಧ ‘ಸೈಕ್ಲೋನ್’ನ ಎತ್ತರ ಅಷ್ಟೇ, 85 ಅಡಿ.

ಮುಂದಿನ ಸೀಟಿಗಾಗಿ ಗೆಳೆಯರಲ್ಲಿ ಜಗಳ ಆಗುವುದುಂಟು. ಆದರೆ ಇಳಿಜಾರಿನಲ್ಲಿ ಹೆಚ್ಚು ಎತ್ತಿಹಾಕುವುದು ಹಿಂದಿನ ಸೀಟು. ಮುಂದಿನ ಡಬ್ಬಿ ತುದಿ ದಾಟುವಾಗ ರೈಲು ಇನ್ನೂ ನಿಧಾನವಾಗಿರುತ್ತದೆ. ಹಿಂದಿನ ಡಬ್ಬಿ ತುದಿಗೆ ಬರುವ ಹೊತ್ತಿಗೆ ಮುಂದಿನವು ಅದನ್ನು ರಭಸದಿಂದ ಎಳೆದುಕೊಂಡು ಹೋಗುತ್ತಿರುತ್ತವೆ. ಆಗ ಮೈ ಆಸನದಿಂದ ಮೇಲೇಳುತ್ತದೆ. ಹೊಟ್ಟೆಯಲ್ಲಿ ‘ಝಲ್’ ಎನ್ನುವುದೂ ಆಗಲೇ. ಸದಾ ಕೆಳಗಿನಿಂದ ಒತ್ತಿಕೊಂಡಿರುವ ಆಧಾರ ಒಂದು ಕ್ಷಣ ತಪ್ಪಿದಾಗ ದೇಹದೊಳಗಿನ ಅಂಗಗಳೂ ಹಗುರಾಗುತ್ತವೆ.

ಇಂಥ ರಭಸ ಸಾಧ್ಯವಾದದ್ದು ಜಾನ್ ಮಿಲ್ಲರ್ ಎಂಬ ತಂತ್ರಜ್ಞನಿಂದ. ಅಲ್ಲಿಯ ತನಕ ಹೆಚ್ಚಿನ ಗಾಡಿಗಳು ಹಳಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದವು. ವೇಗ ಹೆಚ್ಚಾದರೆ ಹಾರಿಹೋಗುವ ಭಯ. ಮಿಲ್ಲರ್ ಹಳಿಯ ಅಡಿಯಲ್ಲೂ ಒಂದು ಜೊತೆ ಚಕ್ರ ಇಟ್ಟು 1919ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮೇಲಿನ ಚಕ್ರ ಭಾರ ಹೊರುತ್ತದೆ, ಪಕ್ಕದ ಚಕ್ರ ತಿರುವಿನಲ್ಲಿ ಹಿಡಿಯುತ್ತದೆ, ಅಡಿಯ ಚಕ್ರ ಗಾಡಿ ಏಳದಂತೆ ಕಚ್ಚಿಕೊಳ್ಳುತ್ತದೆ. ಯಾರ ಕಣ್ಣಿಗೂ ಬೀಳದ ಆ ಅಡಿಯ ಚಕ್ರ ಬಂದ ಮೇಲೆಯೇ ಕಡಿದಾದ ಇಳಿಜಾರುಗಳು ಬಂದವು. 1920ರ ದಶಕ ಈ ಆಟದ ಸುವರ್ಣಯುಗವಾಯಿತು.

ತಲೆಕೆಳಗಾಗುವ ಸುತ್ತಿನದು ಬೇರೆ ಕತೆ. 1895ರಲ್ಲಿ ಕೋನಿ ಐಲ್ಯಾಂಡಿನಲ್ಲಿ ‘ಫ್ಲಿಪ್ ಫ್ಲಾಪ್’ ಎಂಬ, ಪೂರ್ಣ ವೃತ್ತದ ಸುತ್ತು ಕಟ್ಟಿದರು. ಹತ್ತಿದವರು ಕುತ್ತಿಗೆ ಹಿಡಿದುಕೊಂಡು ಇಳಿದರು. ಲೆಕ್ಕ ಸರಳ. ಪೂರ್ಣ ವೃತ್ತದಲ್ಲಿ ಗಾಡಿ ತುದಿಯನ್ನು ಬೀಳದೆ ದಾಟಬೇಕಾದರೆ, ತಳದಲ್ಲಿ ಸವಾರನ ಮೈಮೇಲೆ ಅವನ ತೂಕದ ಕನಿಷ್ಠ ಆರು ಪಟ್ಟು ಒತ್ತಡ ಬೀಳುತ್ತದೆ. 60 ಕಿಲೋ ತೂಕದವನಿಗೆ ತಾನು 360 ಕಿಲೋ ಆದಂತೆ! 1901ರಲ್ಲಿ ಬಂದ ಮೊಟ್ಟೆಯಾಕಾರದ ಸುತ್ತು ಅಷ್ಟು ಕಠಿಣವಾಗಿರಲಿಲ್ಲ. ಆದರೆ ಒಮ್ಮೆಗೆ ನಾಲ್ಕೇ ಜನ ಕೂರುವ ಗಾಡಿಯಿಂದ ಲಾಭ ಹುಟ್ಟಲಿಲ್ಲ. ಮುಂದೆ 1976ರಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗಲ್ ಕ್ಯಾಲಿಫೋರ್ನಿಯದ ‘ರೆವಲ್ಯೂಷನ್’ಗಾಗಿ ಕಣ್ಣೀರ ಹನಿಯ ಆಕಾರದ ಸುತ್ತು ರೂಪಿಸಿದ. ತಳದಲ್ಲಿ ಅಗಲ, ತುದಿಯಲ್ಲಿ ಕಿರಿದು. ರೈಲು ಹಾದಿ ಮತ್ತು ಹೆದ್ದಾರಿಗಳ ತಿರುವಿನಲ್ಲಿ ಬಳಸುವ ‘ಕ್ಲೋಥಾಯ್ಡ್’ ಎಂಬ ವಕ್ರರೇಖೆಯೇ ಅಲ್ಲಿ ಕೆಲಸಕ್ಕೆ ಬಂತು.

ಎಲ್ಲರಿಗೂ ಇರದ ಆಟ

ಐದು ಸೆಂಟ್ ಕೊಟ್ಟವರೆಲ್ಲ ಒಂದೇ ಬೆಂಚಿನಲ್ಲಿ ಕೂರಬಹುದು ಎಂಬುದು ಈ ಆಟದ ಹೆಗ್ಗಳಿಕೆ. ಆದರೆ ಅಮೆರಿಕದ ಅನೇಕ ಉದ್ಯಾನಗಳಲ್ಲಿ ಆ ಮಾತು ಬಿಳಿಯರಿಗಷ್ಟೇ ಅನ್ವಯಿಸುತ್ತಿತ್ತು. ಕಪ್ಪು ಜನರಿಗೆ ಕೆಲವು ಕಡೆ ಪ್ರವೇಶವೇ ಇಲ್ಲ. ಓಹಿಯೊದ ಸಿನ್ಸಿನಾಟಿಯ ಉದ್ಯಾನವೊಂದು 1955ರಲ್ಲಿ ಅವರಿಗೆ ಬಾಗಿಲು ತೆರೆಯಿತಾದರೂ, ಈಜುಕೊಳಕ್ಕೆ ಮತ್ತು ನೃತ್ಯಶಾಲೆಗೆ ಬಿಡಲು 1961ರ ತನಕ ಕಾಯಿಸಿತು.

ರಾಜಧಾನಿ ವಾಷಿಂಗ್ಟನ್ನಿನ ಹೊರವಲಯದಲ್ಲಿ, ಮೇರಿಲ್ಯಾಂಡ್ ರಾಜ್ಯಕ್ಕೆ ಸೇರಿದ ಗ್ಲೆನ್ ಎಕೊ ಎಂಬ ಉದ್ಯಾನವಿತ್ತು. 1960ರ ಜೂನ್ 30ರಂದು ಹೊವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಬಿಳಿಯ ಗೆಳೆಯರ ಜೊತೆ ಅಲ್ಲಿಗೆ ಹೋದರು. ಕೈಯಲ್ಲಿ ಟಿಕೆಟ್ಟಿತ್ತು. ಮರದ ಕುದುರೆಗಳ ತಿರುಗಣಿಯ ಮೇಲೆ ಕುಳಿತರು. ಅಷ್ಟಕ್ಕೇ ಐವರ ಬಂಧನವಾಯಿತು. ಆ ಬೇಸಿಗೆಯೆಲ್ಲ ಉದ್ಯಾನದ ಹೊರಗೆ ಪ್ರತಿಭಟನೆ ನಡೆಯಿತು. ನೆರೆಯ ಬಡಾವಣೆಯ ಬಿಳಿಯ ನಿವಾಸಿಗಳೂ ಫಲಕ ಹಿಡಿದು ವಿದ್ಯಾರ್ಥಿಗಳ ಜೊತೆ ನಿಂತರು. 1961ರಲ್ಲಿ ಹೊಸ ಋತು ಆರಂಭವಾದಾಗ ಉದ್ಯಾನ ಎಲ್ಲರಿಗೂ ತೆರೆಯಿತು. ಬಂಧಿತರ ಮೊಕದ್ದಮೆ ಮಾತ್ರ ಸುಪ್ರೀಂ ಕೋರ್ಟಿನ ತನಕ ಹೋಗಿ, 1964ರಲ್ಲಿ ಶಿಕ್ಷೆ ರದ್ದಾಯಿತು. ಅವರನ್ನು ಹಿಡಿದ ಖಾಸಗಿ ಕಾವಲುಗಾರನಿಗೆ ಸರ್ಕಾರವೇ ಪೊಲೀಸ್ ಅಧಿಕಾರ ಕೊಟ್ಟಿತ್ತು. ಆದ್ದರಿಂದ ಭೇದ ಮಾಡಿದ್ದು ಖಾಸಗಿ ಮಾಲೀಕ ಮಾತ್ರವಲ್ಲ, ಸರ್ಕಾರ ಕೂಡ ಎಂಬುದು ತೀರ್ಪಿನ ಸಾರ.

ಅದೇ ರಾಜ್ಯದ ಬಾಲ್ಟಿಮೋರ್ ಬಳಿಯ ಗ್ವಿನ್ ಓಕ್ ಉದ್ಯಾನದ ಬಾಗಿಲು ತೆರೆದದ್ದು 1963ರ ಆಗಸ್ಟ್ 28ರಂದು. ಅಂದೇ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಲಕ್ಷಾಂತರ ಜನರೆದುರು ತಮ್ಮ ಕನಸಿನ ಭಾಷಣ ಮಾಡಿದರು. ಅತ್ತ ಉದ್ಯಾನದಲ್ಲಿ 11 ತಿಂಗಳ ಕಪ್ಪು ಹೆಣ್ಣುಮಗುವೊಂದು ತಂದೆಯ ಆಸರೆಯಲ್ಲಿ ಮರದ ಕುದುರೆ ಏರಿತ್ತು. ಅದೇ ವರ್ಷ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪ್ರಸಿದ್ಧ ಪತ್ರದಲ್ಲಿ ಕಿಂಗ್ ಇಂಥದೇ ಸಂಗತಿಯೊಂದನ್ನು ಪ್ರಸ್ತಾಪಿಸಿದ್ದರು. ಟಿ.ವಿ.ಯಲ್ಲಿ ಜಾಹೀರಾತು ನೋಡಿ ‘ಫನ್‌ಟೌನ್’ಗೆ ಹೋಗಬೇಕೆನ್ನುವ ಆರು ವರ್ಷದ ಮಗಳಿಗೆ, ಅಲ್ಲಿ ಕಪ್ಪು ಮಕ್ಕಳನ್ನು ಬಿಡುವುದಿಲ್ಲವೆಂದು ವಿವರಿಸುವಾಗ ತಂದೆಯ ನಾಲಗೆ ತೊದಲುವುದರ ಬಗ್ಗೆ ಅವರು ಬರೆದಿದ್ದರು. ಕಾಯಿದೆ, ಮತದಾನ, ಶಾಲೆಗಳ ದೊಡ್ಡ ಚರ್ಚೆಯ ನಡುವೆ ಒಂದು ಆಟದ ಉದ್ಯಾನ ಬಂದದ್ದು ಅಕಾರಣವಾಗಿ ಅಲ್ಲ. ಮಗುವಿಗೆ ಅವಮಾನದ ಮೊದಲ ಅರಿವು ಆಗುವುದು ಅಲ್ಲಿಯೇ. ಊರ ಕೆರೆಗೆ, ದೇವಸ್ಥಾನದ ಅಂಗಳಕ್ಕೆ ಪ್ರವೇಶ ನಿರಾಕರಿಸಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಂಬಿಕೆ ಮುರಿದ ದಿನಗಳು

ಆರ್ಥಿಕ ಮುಗ್ಗಟ್ಟು ಮತ್ತು ಎರಡನೆಯ ಮಹಾಯುದ್ಧದಲ್ಲಿ ನೂರಾರು ರೋಲರ್ ಕೋಸ್ಟರ್‌ಗಳು ಸೌದೆಯಾದವು. ಮರುಜನ್ಮ ಕೊಟ್ಟದ್ದು ಉಕ್ಕು. 1959ರಲ್ಲಿ ಡಿಸ್ನಿಲ್ಯಾಂಡಿನ ‘ಮ್ಯಾಟರ್‌ಹಾರ್ನ್’ ಸವಾರಿಗೆ ಉಕ್ಕಿನ ಕೊಳವೆಯನ್ನೇ ಹಳಿಯಾಗಿ ಬಳಸಲಾಯಿತು. ಕೊಳವೆಯನ್ನು ಬೇಕಾದ ಹಾಗೆ ಬಗ್ಗಿಸಬಹುದು. ಅಲ್ಲಿಂದ ಮುಂದೆ ಎತ್ತರ ಮತ್ತು ವೇಗದ ಪಂದ್ಯವೇ ನಡೆಯಿತು. 2005ರಲ್ಲಿ ನ್ಯೂಜೆರ್ಸಿಯಲ್ಲಿ ತೆರೆದ ‘ಕಿಂಗ್ಡಾ ಕಾ’ 456 ಅಡಿ ಎತ್ತರವಿತ್ತು. ಅದನ್ನು 2025ರಲ್ಲಿ ಸ್ಫೋಟಿಸಿ ಕೆಡವಲಾಯಿತು. ಅಬುಧಾಬಿಯಲ್ಲಿ 2010ರಲ್ಲಿ ಬಂದ ‘ಫಾರ್ಮುಲಾ ರೊಸ್ಸಾ’ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟಿತು.

ಆದರೆ ಈ ಆಟ ನಿಂತಿರುವುದು ನಂಬಿಕೆಯ ಮೇಲೆ. ಅಪಾಯದ ಭಾವನೆ ಇರಬೇಕು, ಅಪಾಯ ಇರಬಾರದು. ಆ ಗೆರೆ ಅಳಿಸಿಹೋದ ದಿನಗಳೂ ಇವೆ. 1972ರ ಮೇ 30ರಂದು ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಏರು ಹತ್ತುತ್ತಿದ್ದ ಗಾಡಿ ಎಳೆಯುವ ಹಗ್ಗದಿಂದ ಕಳಚಿಕೊಂಡು ಹಿಂದಕ್ಕೆ ಉರುಳಿತು. ತಡೆಯಬೇಕಾದ ಕೊಕ್ಕೆ ಕೆಲಸ ಮಾಡಲಿಲ್ಲ. ಐವರು ಮಕ್ಕಳು ಸತ್ತರು. ಮಾಕ್ ಚಂಕ್‌ನ ಗಣಿಯವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲಿತಿದ್ದ ಪಾಠ ಅದು. 2007ರ ಮೇ 5ರಂದು, ಜಪಾನಿನ ಮಕ್ಕಳ ದಿನದಂದೇ, ಒಸಾಕದ ಎಕ್ಸ್‌ಪೋಲ್ಯಾಂಡಿನಲ್ಲಿ ಗಾಡಿಯ ಅಚ್ಚು ತುಂಡಾಗಿ 19 ವರ್ಷದ ಯುವತಿಯೊಬ್ಬಳು ಬಲಿಯಾದಳು. ವರ್ಷಗಟ್ಟಲೆ ಒತ್ತಡ ತಿಂದ ಲೋಹ ದಣಿದಿತ್ತು. ಆ ಉದ್ಯಾನ ಮತ್ತೆ ಚೇತರಿಸಿಕೊಳ್ಳದೆ 2009ರಲ್ಲಿ ಮುಚ್ಚಿಹೋಯಿತು.

ಭಾರತದಲ್ಲಿ ಈ ಸಂಸ್ಕೃತಿ ತಡವಾಗಿ ಬಂತು. ದೆಹಲಿಯ ಪ್ರಗತಿ ಮೈದಾನದಲ್ಲಿ 1984ರಲ್ಲಿ ಆರಂಭವಾದ ‘ಅಪ್ಪು ಘರ್’ಗೆ 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿಯ ಹೆಸರು. ಅದು 2008ರಲ್ಲಿ ಮುಚ್ಚಿತು. ಮುಂಬೈಯ ‘ಎಸ್ಸೆಲ್ ವರ್ಲ್ಡ್’ 1989ರಲ್ಲಿ, ಕಲ್ಕತ್ತೆಯ ‘ನಿಕ್ಕೊ ಪಾರ್ಕ್’ 1991ರಲ್ಲಿ ಬಂದವು. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ ಬಳಿ ‘ವಂಡರ್‌ಲಾ’ 2005ರಲ್ಲಿ ತೆರೆಯಿತು. ದಸರಾ ವಸ್ತುಪ್ರದರ್ಶನದ ಜೈಂಟ್ ವೀಲ್ ಹತ್ತಿ ಬೆಳೆದ ತಲೆಮಾರಿನ ಮಕ್ಕಳು ಈಗ ಅಲ್ಲಿ ಕಾಲೇಜಿನ ಗೆಳೆಯರೊಡನೆ ತಲೆಕೆಳಗಾಗಿ ಬರುತ್ತಾರೆ.

ಒಬ್ಬನ ಕೈ ಸನ್ನೆಯ ಮೇಲೆ

ಮತ್ತೆ ಮೊದಲ ಪ್ರಶ್ನೆ. ಹೆದರಿಕೊಳ್ಳಲು ದುಡ್ಡು ಕೊಡುವುದೇಕೆ? ಒಬ್ಬನೇ ಕುಳಿತು ಬರುವವರು ಕಡಿಮೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಪಕ್ಕದವನೂ ಕಿರುಚುತ್ತಾನೆ ಎಂಬ ಧೈರ್ಯದಿಂದಲೇ ಮನುಷ್ಯ ಕಿರುಚುತ್ತಾನೆ. ಇಳಿದ ಮೇಲೆ ಕಾಲು ನಡುಗುತ್ತಿದ್ದರೂ ನಗು ಬರುವುದು ಹೆದರಿಕೆಯನ್ನು ಹಂಚಿಕೊಂಡದ್ದರಿಂದ. ಉಳಿದರ್ಧ ಉತ್ತರ, ಕಾಣದ ಯಾರೋ ಹಳಿಯನ್ನು ನೋಡಿಕೊಂಡಿದ್ದಾರೆ ಎಂಬ ಭರವಸೆಯಲ್ಲಿದೆ. ಬಾಗಿಲು ತೆರೆಯುವ ಮುನ್ನ ಬೆಳಗಿನ ಹೊತ್ತು ಕೆಲಸಗಾರರು ಹಳಿ, ಬೋಲ್ಟು ಪರೀಕ್ಷಿಸುತ್ತಾರೆ. ಖಾಲಿ ಗಾಡಿ ಸುತ್ತು ಬಂದ ಮೇಲೆಯೇ ಜನ ಹತ್ತುವುದು.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಲೂನಾ ಪಾರ್ಕಿನಲ್ಲಿ 1912ರ ಡಿಸೆಂಬರಿನಲ್ಲಿ ಓಡಲು ಆರಂಭಿಸಿದ ಮರದ ರೋಲರ್ ಕೋಸ್ಟರ್ ಒಂದಿದೆ. ಅದರಲ್ಲಿ ಹಳಿಯ ಮೇಲಿನ ಸ್ವಯಂಚಾಲಿತ ಬ್ರೇಕನ್ನು ನೆಚ್ಚಿಕೊಂಡಿಲ್ಲ. ಹಳೆಯ ಪದ್ಧತಿಯಂತೆ ಬ್ರೇಕು ಹಿಡಿಯುವವನು ಗಾಡಿಯ ನಡುವೆ ನಿಂತೇ ಬರುತ್ತಾನೆ. ಇಳಿಜಾರಿನ ತುದಿಗೆ ಬಂದಾಗ ಮುಂದಿನವರೂ ಹಿಂದಿನವರೂ ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಅವನ ಕೈ ಮಾತ್ರ ಬ್ರೇಕಿನ ಸನ್ನೆಯ ಮೇಲೇ ಇರುತ್ತದೆ.